ಎಲ್ಲದಕ್ಕೂ ‘ಹುಳ’ ಎಂದರೆ ಮೊಲ ಸಾಯುತ್ತದೆ

ಮೊದಲೇ ಹೇಳಿಬಿಡುತ್ತೇನೆ, ಇದು ಮೊಲದ ಬಗ್ಗೆ ಬರೆದದ್ದು. “ಗಡಿನಾಡಿನ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿವೆ, ಈ ಮಾಷ್ಟ್ರಿಗೆ ಮೊಲದ ಚಿಂತೆ!” ಎಂದು ನಗುವವರು ನಗಬಹುದು. ನಕ್ಕು ಮುಗಿದ ಮೇಲೆ ದಯವಿಟ್ಟು ಪೂರ್ತಿ ಓದಿ. ಇದು ಕನ್ನಡದ ಬಗ್ಗೆಯೂ ಬರೆದದ್ದೇ.

ನಮ್ಮ ಶಾಲೆ ಇರುವುದು ಕಾಸರಗೋಡು ಜಿಲ್ಲೆಯ ಉತ್ತರದ ಮೂಲೆಯಲ್ಲಿ. ಅಡಿಕೆ ತೋಟ, ತೋಟದ ಬದಿಯಲ್ಲಿ ಮನೆ, ಮನೆಯ ಹಿಂದೆ ಹಟ್ಟಿ, ಹಟ್ಟಿಯ ಮೂಲೆಯಲ್ಲಿ ಒಂದು ಮೊಲದ ಗೂಡು. ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಯ ಚಿತ್ರ ಇದು. ದನ ಅಪ್ಪನದ್ದು, ಕೋಳಿ ಅಮ್ಮನದ್ದು, ಮೊಲ ಮಾತ್ರ ಮಕ್ಕಳದ್ದು. ಹುಲ್ಲು ತರುವುದು, ಹಲಸಿನ ಎಲೆ ಕೊಯ್ಯುವುದು, ಹೆಸರಿಡುವುದು ಎಲ್ಲ ಅವರೇ. ಹಾಗಾಗಿ ಅದು ಸತ್ತರೆ ಅಳುವುದೂ ಅವರೇ.

ಐದನೇ ತರಗತಿಯ ಹುಡುಗನೊಬ್ಬ ಒಂದು ದಿನ ಹಾಜರಿ ಕರೆಯುವಾಗ ನನ್ನ ಮೇಜಿನ ಹತ್ತಿರ ಬಂದು ನಿಂತ. “ಸಾರ್, ನಮ್ಮ ಮೊಲದ ಮರಿಗೆ ಹೊಟ್ಟೆ ದಪ್ಪ ಆಗಿದೆ. ಭೇದಿಯೂ ಉಂಟು. ಹುಲ್ಲು ತಿನ್ನುವುದಿಲ್ಲ.” ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಹುಳ ಇರಬೇಕು ಮಾರಾಯ. ಹುಳದ ಮದ್ದು ಕೊಡಲಿಕ್ಕೆ ಹೇಳು ಅಮ್ಮನಿಗೆ” ಎಂದೆ. ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದವನ ರೋಗನಿರ್ಣಯ ಅದು! ನೋಡದೆ, ಕೇಳದೆ, ಅರ್ಧ ನಿಮಿಷದಲ್ಲಿ.

ಆಮೇಲೆ ನಡೆದದ್ದನ್ನು ನಾನು ತುಂಡು ತುಂಡಾಗಿ ಕೇಳಿ ತಿಳಿದೆ. ಅಮ್ಮ ಪೇಟೆಯ ಮದ್ದಿನಂಗಡಿಗೆ ಹೋದರು. ಅವರ ಮನೆಮಾತು ತುಳು, ಓದಿದ್ದು ಕನ್ನಡ, ಮಲಯಾಳ ಅಷ್ಟಕ್ಕಷ್ಟೆ. ‘ಹುಳ’ ಎಂಬುದನ್ನು ಮಲಯಾಳ ಮಾಡಿ ‘ಮುಯಲಿಗೆ ಪುಳು’ ಎಂದರು. ಮಲಯಾಳದಲ್ಲಿ ಹೊಟ್ಟೆಯೊಳಗಿನ ಜಂತುವಿಗೆ ‘ವಿರ’ ಎನ್ನುತ್ತಾರೆ. ‘ಪುಳು’ ಎಂದರೆ ಕಂಬಳಿಹುಳ, ಗಾಯದಲ್ಲಿ ಆಗುವ ಹುಳ, ಅಂಥದ್ದು. ಅಂಗಡಿಯವನು ಗಾಯಕ್ಕೆ ಹಚ್ಚುವ ಮುಲಾಮು ಕೊಟ್ಟ. ಗಾಯವೇ ಇಲ್ಲದ ಮೊಲಕ್ಕೆ ಅದನ್ನು ಎಲ್ಲಿ ಹಚ್ಚುವುದು? ಅದೇ ವಾರ ಶಾಲೆಯಲ್ಲಿ ಜಂತುಹುಳದ ಗುಳಿಗೆ ಕೊಡುವ ದಿನ ಬಂತು. ಹುಡುಗ ತನ್ನ ಗುಳಿಗೆಯನ್ನು ಜಗಿಯಲಿಲ್ಲ. ಕಿಸೆಗೆ ಹಾಕಿಕೊಂಡ. ಮನೆಗೆ ಹೋಗಿ ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕಲಸಿ ಮೊಲಕ್ಕೆ ತಿನ್ನಿಸಿದ. ನನ್ನ ಕಣ್ಣೆದುರು ನುಂಗಿಸಬೇಕಾದ ಗುಳಿಗೆ ಅದು. ಅಲ್ಲೂ ನಾನು ನೋಡಿರಲಿಲ್ಲ.

ನಾಲ್ಕನೇ ದಿನ ಮರಿ ಸತ್ತಿತು. ಉಳಿದ ಎರಡು ಮರಿಗಳಿಗಾದರೂ ಏನಾದರೂ ಮಾಡೋಣ ಎಂದು ಸತ್ತದ್ದನ್ನು ಚೀಲದಲ್ಲಿ ಹಾಕಿಕೊಂಡು ನಾನೂ ಹುಡುಗನೂ ಮೃಗಾಸ್ಪತ್ರೆಗೆ ಹೋದೆವು. ಡಾಕ್ಟರು ಹೊಟ್ಟೆ ಸೀಳಿ ತೋರಿಸಿದರು. ಕರುಳಿನಲ್ಲಿ ಒಂದೇ ಒಂದು ಜಂತುವೂ ಇರಲಿಲ್ಲ. ಪಿತ್ತಕೋಶದ ಬದಿಯ ಯಕೃತ್ತು ಊದಿಕೊಂಡು, ಅದರ ಮೇಲೆಲ್ಲ ಬಿಳಿ-ಹಳದಿ ಗಂಟುಗಳು. “ಇದು ಕಾಕ್ಸಿಡಿಯಾ. ಹುಳವೇ ಅಲ್ಲ. ಮೊದಲ ದಿನವೇ ತಂದಿದ್ದರೆ ನೋಡಬಹುದಿತ್ತು” ಎಂದರು. ಹುಡುಗ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಆ ಮರಿಯನ್ನು ಕೊಂದದ್ದು ಕಾಕ್ಸಿಡಿಯಾ ಹೌದು. ಆದರೆ ಅದಕ್ಕೆ ಸಮಯ ಮಾಡಿಕೊಟ್ಟದ್ದು ‘ಹುಳ ಇರಬೇಕು’ ಎಂಬ ನಮ್ಮ ಮಾತು. ಈ ಮಾತನ್ನು ನಾವು ಬಿಡಬೇಕು. ಪೋಷಕರು ಬಿಡಬೇಕು, ಮೊಲ ಮಾರುವವರು ಬಿಡಬೇಕು, ಎಲ್ಲರಿಗಿಂತ ಮೊದಲು ಮಾಷ್ಟ್ರುಗಳು ಬಿಡಬೇಕು.

ಯೋಚಿಸಿ ನೋಡಿ, ನಾವು ಎಷ್ಟಕ್ಕೆಲ್ಲ ‘ಹುಳ’ ಎನ್ನುತ್ತೇವೆ! ಹೊಟ್ಟೆಯ ಜಂತು ಹುಳ. ನೊಣ ಮೊಟ್ಟೆಯಿಟ್ಟು ಮಾಂಸದಲ್ಲಿ ಆಗುವ ಮರಿ ಹುಳ. ಕಿವಿಯಲ್ಲಿ ಕಜ್ಜಿ ಮಾಡುವ ನುಸಿ ಹುಳ. ಚರ್ಮದ ಮೇಲೆ ಉಂಗುರದ ಹಾಗೆ ಏಳುವುದು ಹುಳಕಡ್ಡಿ, ಅದು ಹುಳವೇ ಅಲ್ಲ, ಶಿಲೀಂಧ್ರ. ಹಲ್ಲು ಹಾಳಾದರೂ ಹುಳುಕು! ಇಷ್ಟಕ್ಕೂ ಒಂದೇ ಮದ್ದು ಇರಲು ಸಾಧ್ಯವೇ? ಆದರೆ ಮಾತು ಒಂದೇ ಆದದ್ದರಿಂದ ಮದ್ದೂ ಒಂದೇ ಎಂದು ನಮ್ಮ ತಲೆಯಲ್ಲಿ ಕೂತಿದೆ. ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿಲ್ಲದೆ ಅಲ್ಲ. ಜಂತು, ನುಸಿ, ಉಣುಗು, ಹೇನು ಎಲ್ಲ ಉಂಟು. ಬಳಸುವ ತಾಳ್ಮೆ ಇಲ್ಲ, ಅಷ್ಟೆ.

ಹಾಗಾದರೆ ಮೊಲಕ್ಕೆ ನಿಜವಾದ ಜಂತು ಆಗುವುದೇ ಇಲ್ಲವೇ? ಆಗುತ್ತದೆ. ಸಾಕುಮೊಲಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದು ದಾರದಂಥ ಜಂತು. ಪ್ಯಾಸಲೂರಸ್ ಆಂಬಿಗ್ಯೂಅಸ್ ಎಂದು ಅದರ ಹೆಸರು. ಬಿಳಿ ನೂಲಿನ ತುಂಡಿನ ಹಾಗೆ, ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದ. ದೊಡ್ಡ ಕರುಳಿನಲ್ಲಿ ವಾಸ. ಹೊಸ ಹಿಕ್ಕೆಯ ಮೇಲೆ ಮಿಸುಕಾಡುತ್ತಿರುವುದನ್ನು ಬರಿಗಣ್ಣಿನಲ್ಲೇ ಕಾಣಬಹುದು. ಮೊಲ ಹಿಂಭಾಗವನ್ನು ಪದೇಪದೇ ನೆಕ್ಕುವುದು, ಅಲ್ಲಿ ಕೆಂಪಾಗುವುದು, ಮರಿಗಳಾದರೆ ಚೆನ್ನಾಗಿ ತಿಂದರೂ ಮೈ ಹಿಡಿಯದಿರುವುದು, ರೋಮದ ಹೊಳಪು ಹೋಗುವುದು, ಇವು ಲಕ್ಷಣಗಳು. ಬೆಳೆದ ಮೊಲದಲ್ಲಿ ಸ್ವಲ್ಪ ಜಂತು ಇದ್ದರೆ ಹೆಚ್ಚಾಗಿ ಏನೂ ಗೊತ್ತೇ ಆಗುವುದಿಲ್ಲ. ಅದು ಮೊಲವನ್ನು ನಾಲ್ಕು ದಿನದಲ್ಲಿ ಕೊಲ್ಲುವ ಜಾತಿಯದಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನಾವು ದಿನವೂ ಗುಡಿಸುವ ಗಟ್ಟಿ ಗುಂಡು. ಇನ್ನೊಂದು ಮೆತ್ತಗಿನದ್ದು, ಚಿಕ್ಕ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡಿರುವಂಥದ್ದು. ಇದನ್ನು ಮೊಲ ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ ನೇರವಾಗಿ ಬಾಯಿ ಹಾಕಿ ತಿನ್ನುತ್ತದೆ. ಅದು ಅದರ ಆಹಾರ. ಹಸಿದ ರೋಗವಲ್ಲ, ಕೆಟ್ಟ ಚಾಳಿಯೂ ಅಲ್ಲ. ಈ ಮೆತ್ತಗಿನ ಹಿಕ್ಕೆ ಗೂಡಿನಲ್ಲಿ ಉಳಿದರೆ ‘ಭೇದಿ, ಹುಳದ ಮದ್ದು ಕೊಡಿ’ ಎನ್ನುವವರಿದ್ದಾರೆ. ಅದು ಭೇದಿಯಲ್ಲ. ಭೇದಿ ಎಂದರೆ ನೀರಿನಂತೆ ಹೋಗಿ ಹಿಂಗಾಲು ಒದ್ದೆಯಾಗುವುದು. ಈ ತಿನ್ನುವ ಅಭ್ಯಾಸದಿಂದಲೇ ಜಂತಿನ ಮೊಟ್ಟೆ ಮತ್ತೆ ಮತ್ತೆ ಹೊಟ್ಟೆ ಸೇರುತ್ತದೆ ಎಂಬುದೂ ಸತ್ಯ. ಹಾಗಾಗಿ ಬರೀ ಮದ್ದಿನಿಂದ ಕೆಲಸ ಮುಗಿಯುವುದಿಲ್ಲ, ಗೂಡಿನ ಶುಚಿಯೂ ಬೇಕು.

ಜಂತು ಇದೆಯೆಂದು ಖಚಿತವಾದರೆ ಪಶುವೈದ್ಯರು ಸಾಮಾನ್ಯವಾಗಿ ಕೊಡುವುದು ಫೆನ್‌ಬೆಂಡಜೋಲ್. ಕಿಲೋ ತೂಕಕ್ಕೆ 10ರಿಂದ 20 ಮಿಲಿಗ್ರಾಂ, 10ರಿಂದ 14 ದಿನ ಬಿಟ್ಟು ಮತ್ತೊಮ್ಮೆ. ಒಟ್ಟಿಗಿರುವ ಮೊಲಗಳಿಗೆಲ್ಲ ಕೊಡಬೇಕು. ಎಷ್ಟು ಎಂಬುದನ್ನು ಡಾಕ್ಟರು ಮೊಲವನ್ನು ತೂಗಿ ಹೇಳಲಿ, ನಾವು ಅಂದಾಜಿನಲ್ಲಿ ಅಲ್ಲ. ಮದ್ದು ಕೊಡುವ ಮೊದಲು ಉಪವಾಸ ಹಾಕಬೇಡಿ. ನಮಗೆ ಅಜ್ಜಿ ಹೊಟ್ಟೆ ತೊಳೆಯುವ ಮದ್ದು ಕೊಡುವಾಗ ಹಾಕುತ್ತಿದ್ದ ಹಾಗೆ ಮೊಲಕ್ಕೆ ಹಾಕಿದರೆ ಅದರ ಕರುಳಿನ ಚಲನೆಯೇ ನಿಂತು ಹೋಗಬಹುದು.

ಇನ್ನು ಹುಳವಲ್ಲದ ‘ಹುಳ’ಗಳ ಕಥೆ. ಮೊದಲನೆಯದು ನಮ್ಮ ಹುಡುಗನ ಮರಿಯನ್ನು ಕೊಂಡೊಯ್ದ ಕಾಕ್ಸಿಡಿಯಾ. ಐಮೀರಿಯಾ ಎಂಬ ಏಕಕೋಶ ಜೀವಿ, ಸೂಕ್ಷ್ಮದರ್ಶಕವಿಲ್ಲದೆ ಕಾಣುವುದಿಲ್ಲ. ತಾಯಿಯಿಂದ ಬೇರೆ ಮಾಡಿದ ಮರಿಗಳಿಗೆ ಇದು ಯಮ. ಹೊಟ್ಟೆ ಉಬ್ಬುವುದು, ಭೇದಿ, ಬೆನ್ನೆಲುಬು ಕಾಣುವಷ್ಟು ಸೊರಗುವುದು, ಆಮೇಲೆ ಸಾವು. ಜಂತಿನ ಮದ್ದಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದಕ್ಕೆ ಸಲ್ಫಾ ಜಾತಿಯ ಮದ್ದು ಅಥವಾ ಟಾಲ್‌ಟ್ರಾಜುರಿಲ್ ಬೇಕು, ಅದೂ ಬೇಗ. ಹಿಕ್ಕೆಯಲ್ಲಿ ಹೊರಬಂದ ಇದರ ಮೊಟ್ಟೆಯಂಥ ಕೋಶ ರೋಗ ಹರಡುವಷ್ಟು ಬೆಳೆಯಲು ಹೊರಗಿನ ತೇವದಲ್ಲಿ ಒಂದೆರಡು ದಿನ ಬೇಕು. ಅಂದರೆ ದಿನವೂ ಹಿಕ್ಕೆ ಗುಡಿಸಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಫಿನಾಯಿಲು ಸುರಿದರೆ ಸಾಯುವಂಥದ್ದಲ್ಲ ಅದು. ಕುದಿಯುವ ನೀರಿಗೆ ಸಾಯುತ್ತದೆ. ನಮ್ಮ ಆಟಿಯ ಮಳೆಯಲ್ಲಿ ಹಟ್ಟಿಯ ಮೂಲೆ ಎಷ್ಟು ತೇವ ಎಂದು ನಿಮಗೆ ಹೇಳಬೇಕಾಗಿಲ್ಲ.

ಎರಡನೆಯದು ನೊಣದ ಮರಿ. ಹಿಂಭಾಗದ ರೋಮಕ್ಕೆ ಹಿಕ್ಕೆ, ಮೂತ್ರ ಅಂಟಿಕೊಂಡಿದ್ದರೆ ನೊಣ ಅಲ್ಲಿ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಮರಿಯಾಗಿ ಬದುಕಿರುವ ಮೊಲದ ಚರ್ಮ, ಮಾಂಸ ತಿನ್ನತೊಡಗುತ್ತವೆ. ಇದು ‘ನಾಳೆ ನೋಡುವ’ ಎನ್ನುವ ವಿಷಯವಲ್ಲ, ಆ ಗಂಟೆಯೇ ಡಾಕ್ಟರ ಹತ್ತಿರ ಓಡಬೇಕು. ದನದ ಗಾಯಕ್ಕೆ ಸುರಿಯುವ ಟರ್ಪೆಂಟೈನನ್ನು ಮೊಲಕ್ಕೆ ಸುರಿಯಬೇಡಿ, ಅದರ ಚರ್ಮ ಕಾಗದದ ಹಾಗೆ ತೆಳು.

ಮೂರನೆಯದು ಕಜ್ಜಿ. ಮೂಗು, ಪಾದ, ಕಿವಿಯೊಳಗೆ ಬೂದು-ಕಂದು ಹೊಪ್ಪಳೆ ಕಟ್ಟಿದರೆ ಅದು ನುಸಿ. ಅದಕ್ಕೆ ಡಾಕ್ಟರು ಐವರ್ಮೆಕ್ಟಿನ್ ಚುಚ್ಚುತ್ತಾರೆ. ಆದರೆ ಅದೇ ಐವರ್ಮೆಕ್ಟಿನ್ ಮೇಲೆ ಹೇಳಿದ ದಾರದ ಜಂತಿಗೆ ಸರಿಯಾಗಿ ತಾಗುವುದಿಲ್ಲ. ನೋಡಿ, ಎರಡೂ ‘ಹುಳ’, ಎರಡಕ್ಕೂ ಮದ್ದು ಬೇರೆ! ನಾಯಿಯ ಉಣುಗಿಗೆ ಹಾಕುವ ಫಿಪ್ರೊನಿಲ್ ಎಂಬ ಮದ್ದು ಮೊಲಕ್ಕೆ ವಿಷ. ಮನೆಯಲ್ಲಿ ನಾಯಿಯೂ ಮೊಲವೂ ಇರುವವರು ಇದನ್ನು ಗೋಡೆಯ ಮೇಲೆ ಬರೆದಿಡಿ.

ಈಗ ಆ ಗುಳಿಗೆಯ ಲೆಕ್ಕ ಮಾಡೋಣ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳಿಗೆ ಕೊಡುವುದು 400 ಮಿಲಿಗ್ರಾಂ ಆಲ್ಬೆಂಡಜೋಲ್. ಒಂದನೇ ತರಗತಿಯ ಮಗು ಸುಮಾರು 20 ಕಿಲೋ ಇದ್ದರೆ ಕಿಲೋಗೆ 20 ಮಿಲಿಗ್ರಾಂ ಬಿತ್ತು. ಅದೇ ಗುಳಿಗೆ ಒಂದು ಕಿಲೋ ತೂಗುವ ಮರಿಮೊಲಕ್ಕೆ ಹೋದರೆ? ಕಿಲೋಗೆ 400 ಮಿಲಿಗ್ರಾಂ. ಇಪ್ಪತ್ತು ಪಟ್ಟು! ಆಲ್ಬೆಂಡಜೋಲ್ ಜಾತಿಯ ಮದ್ದುಗಳು ಹೆಚ್ಚಾದರೆ ಮೊಲದ ಎಲುಬಿನ ಮಜ್ಜೆಯಲ್ಲಿ ರಕ್ತ ಹುಟ್ಟುವುದೇ ಕುಂಠಿತವಾಗಿ ಸಾಯುವುದನ್ನು ಪಶುವೈದ್ಯರು ದಾಖಲಿಸಿದ್ದಾರೆ. ಇದು ಐದನೇ ತರಗತಿಯ ಭಾಗಾಕಾರ. ಹುಡುಗನಿಗೆ ಭಾಗಾಕಾರ ಬರುತ್ತಿತ್ತು. ಅದನ್ನು ಇಲ್ಲಿ ಮಾಡಬೇಕು ಎಂದು ನಾನು ಕಲಿಸಿರಲಿಲ್ಲ. ಗುಳಿಗೆ ನುಂಗದೆ ಅವನ ಹೊಟ್ಟೆಯ ಜಂತೂ ಹಾಗೇ ಉಳಿಯಿತು, ಅದು ಬೇರೆ.

ನನಗೆ ಎದುರಾಗುವ ಮಾತುಗಳು ಗೊತ್ತುಂಟು. “ದನಕ್ಕೆ, ಆಡಿಗೆ ಮೂರು ತಿಂಗಳಿಗೊಮ್ಮೆ ಕೊಡುತ್ತೇವಲ್ಲ ಮಾಷ್ಟ್ರೇ, ಮೊಲಕ್ಕೆ ಮಾತ್ರ ಯಾಕೆ ಬೇಡ?” ದನ, ಆಡು ಮೇಯುವ ಪ್ರಾಣಿಗಳು. ಹತ್ತು ಜಾನುವಾರು ಮೇದ ಗುಡ್ಡೆಯಲ್ಲಿ ತಿಂದು ಬರುತ್ತವೆ. ಗೂಡಿನ ಮೊಲ ನೀವು ಕೊಟ್ಟದ್ದನ್ನು ಮಾತ್ರ ತಿನ್ನುತ್ತದೆ. ಅದೂ ಅಲ್ಲದೆ ಆಡುಗಳಲ್ಲಿ ಹೀಗೆ ಕಣ್ಣುಮುಚ್ಚಿ ಕೊಟ್ಟು ಕೊಟ್ಟೇ ಮದ್ದಿಗೆ ಜಗ್ಗದ ಜಂತುಗಳು ಬೆಳೆದಿವೆ. ಅಲ್ಲಿ ಮಾಡಿದ ತಪ್ಪನ್ನು ಇಲ್ಲಿಗೂ ತರಬೇಕೇ?

“ನಾಟಿ ಮದ್ದು ಕೊಟ್ಟರೆ ತೊಂದರೆ ಇಲ್ಲವಲ್ಲ?” ತೊಂದರೆ ಉಂಟು. ಜಂತಿಗೆ ಒಳ್ಳೆಯದೆಂದು ಬೆಳ್ಳುಳ್ಳಿ ಜಜ್ಜಿ ಕುಡಿಸುತ್ತಾರೆ. ನೀರುಳ್ಳಿ, ಬೆಳ್ಳುಳ್ಳಿ ಜಾತಿಯದು ಮೊಲದ ರಕ್ತಕ್ಕೆ ಹಾನಿ. ಮನೆಯಲ್ಲಿ ಉಳಿದ ಮಗುವಿನ ಅಮಾಕ್ಸಿಸಿಲಿನ್ ಸಿರಪ್ ಕುಡಿಸುವವರೂ ಇದ್ದಾರೆ. ಅದು ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೆಡಿಸಿ ಮೊಲವನ್ನೇ ಕೊಲ್ಲಬಲ್ಲದು.

“ಮೊಲದಿಂದ ಮಗುವಿಗೆ ಹುಳ ಹಿಡಿಯುತ್ತದೆ, ಬಿಟ್ಟುಬಿಡುವುದೇ ಒಳ್ಳೆಯದು.” ಇದನ್ನು ಪಿ.ಟಿ.ಎ. ಸಭೆಯಲ್ಲೇ ಕೇಳಿದ್ದೇನೆ. ಮಕ್ಕಳಿಗೆ ರಾತ್ರಿ ತುರಿಕೆ ಮಾಡುವ ದಾರದ ಹುಳ ಬೇರೆ ಜಾತಿ. ಅದು ಮಗುವಿನಿಂದ ಮಗುವಿಗೆ, ಉಗುರಿನ ಸಂದಿಯಿಂದ, ಹಾಸಿಗೆಯಿಂದ ಬರುತ್ತದೆ, ಮೊಲದಿಂದಲ್ಲ. ಮೊಲದ ದಾರದ ಜಂತು ಮನುಷ್ಯನಿಗೆ ಬರುವುದಿಲ್ಲ. ಮೊಲದಿಂದ ಮಗುವಿಗೆ ಬರಬಹುದಾದದ್ದು ಆ ಹುಳಕಡ್ಡಿ, ಅಂದರೆ ಹುಳವೇ ಅಲ್ಲದ ಹುಳ! ಮೊಲವನ್ನು ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಲು ಕಲಿಸಿ. ಗುಡ್ಡೆಗೆ ಬಿಟ್ಟು ಬಂದ ಸಾಕುಮೊಲ ಒಂದು ರಾತ್ರಿ ಉಳಿಯಲಾರದು. ಅದು ನಮ್ಮ ಗುಡ್ಡೆಯ ಕಾಡುಮೊಲದ ಸಂತತಿಯಲ್ಲ, ಯುರೋಪಿನ ಬೇರೆಯೇ ಜಾತಿ.

“ಡಾಕ್ಟರು ದೂರ, ಬಸ್ಸಿಲ್ಲ, ಒಂದು ದಿನದ ಕೂಲಿ ಹೋಗ್ತದೆ.” ಈ ಮಾತಿಗೆ ಮಾತ್ರ ನಾನು ತಲೆ ಬಾಗುತ್ತೇನೆ. ಆದರೆ ಹಿಕ್ಕೆ ಕೊಂಡೊಯ್ಯಲು ಮೊಲವನ್ನೇ ಹೊರಬೇಕಾಗಿಲ್ಲ. ಬೆಳಗಿನ ಹೊಸ ಹಿಕ್ಕೆ ಹತ್ತು ಗುಂಡು, ತೊಳೆದು ಒಣಗಿಸಿದ ಒಂದು ಡಬ್ಬಿ. ಆ ಕಡೆ ಹೋಗುವವರ ಕೈಯಲ್ಲಿ ಅಂದೇ ಕಳಿಸಿದರೆ ಸಾಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಂತಿನ ಮೊಟ್ಟೆಯೋ ಕಾಕ್ಸಿಡಿಯಾವೋ ಎಂದು ಗೊತ್ತಾಗುತ್ತದೆ. ಮೊಲ ತಿನ್ನುವುದನ್ನೇ ನಿಲ್ಲಿಸಿದ್ದರೆ ಮಾತ್ರ ಕಾಯಬಾರದು, ಮೊಲವನ್ನೇ ಕೊಂಡೊಯ್ಯಬೇಕು.

ಕೊನೆಗೆ ಕನ್ನಡದ ಮಾತು. ಮೃಗಾಸ್ಪತ್ರೆಯ ಗೋಡೆಯಲ್ಲಿ ಮೊಲ ಸಾಕಣೆಯ ಒಂದು ಒಳ್ಳೆಯ ಪಟ್ಟಿ ತೂಗುಹಾಕಿದ್ದರು. ‘ವಿರ’ ಯಾವುದು, ಕಾಕ್ಸಿಡಿಯಾ ಯಾವುದು, ಎಲ್ಲ ಚಿತ್ರ ಸಹಿತ. ಮಲಯಾಳದಲ್ಲಿ ಮಾತ್ರ. ನಮ್ಮ ಹುಡುಗನ ಅಮ್ಮ ಅದರ ಎದುರು ನಿಂತಿದ್ದರೂ ಅವರಿಗೆ ಅದು ಬರೀ ಚಿತ್ರ. ಇದಕ್ಕೆ ಸರಕಾರವನ್ನು ಬೈಯುವುದು ಸುಲಭ. ನಾನೂ ಬೈಯುತ್ತಿದ್ದೆ. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಹಿಡಿದು ‘ಈ ಪಟ್ಟಿ ನಮಗೆ ಕನ್ನಡದಲ್ಲಿ ಬೇಕು’ ಎಂದು ಒಂದು ಅರ್ಜಿ ಬರೆದವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಬರೆದಿರಲಿಲ್ಲ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಪ್ರತಿ ವರ್ಷ ಅದೇ ದಿನ ಗಡಿಯ ಆಚೆ ರಾಜ್ಯೋತ್ಸವ, ಈಚೆ ಕೇರಳ ಪಿರವಿ. ನಮ್ಮ ಸಭೆಗಳಲ್ಲಿ ಭಾಷೆ ಉಳಿಸುವ ಭಾಷಣ, ಹಾರ, ಶಾಲು. ಬೇಡ ಎನ್ನುವುದಿಲ್ಲ. ಆದರೆ ಮೊಲಕ್ಕೆ ಹೊಟ್ಟೆ ಉಬ್ಬಿದಾಗ ಏನು ಮಾಡಬೇಕೆಂದು ಒಂದು ಪುಟ ಕನ್ನಡದಲ್ಲಿ ಇಲ್ಲದಿದ್ದರೆ ಆ ಹುಡುಗನಿಗೆ ಕನ್ನಡ ಯಾತಕ್ಕೆ? ಪದ್ಯ ಬಾಯಿಪಾಠಕ್ಕೆ ಕನ್ನಡ, ಬದುಕಿಗೆ ಬೇರೆ ಭಾಷೆ ಎಂದು ಮಕ್ಕಳು ತೀರ್ಮಾನಿಸುವುದು ಇಂಥ ಕಡೆಯಲ್ಲೇ. ಆಮೇಲೆ ಅವರು ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸದಿದ್ದರೆ ನಾವು ಗಡಿಯನ್ನು ದೂರುತ್ತೇವೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಕನ್ನಡ ಶಾಲೆಯ ಮಾಷ್ಟ್ರು-ಟೀಚರುಗಳೇ, ಮಕ್ಕಳು ಪ್ರಾಣಿಯ ಕಾಯಿಲೆ ಹೇಳಿದಾಗ ‘ಹುಳ ಇರಬೇಕು’ ಎನ್ನಬೇಡಿ. “ನೀನು ಏನು ಕಂಡೆ? ಹಿಕ್ಕೆ ಹೇಗಿತ್ತು? ಎಷ್ಟು ದಿನವಾಯಿತು? ತೂಕ ಎಷ್ಟು?” ಎಂದು ಕೇಳಿ. ವಿಜ್ಞಾನ ಪಾಠ ಅಂದರೆ ಅದೇ. ಗುಳಿಗೆಯ ದಿನ ಪ್ರತಿ ಮಗುವೂ ಜಗಿದು ನುಂಗುವುದನ್ನು ನಿಂತು ನೋಡಿ. ಎರಡು ಭಾಷೆ ಬಲ್ಲವರು ಒಂದು ಪಟ್ಟಿಯನ್ನಾದರೂ ಕನ್ನಡಕ್ಕೆ ಇಳಿಸಿ, ‘ವಿರ’ಕ್ಕೆ ಜಂತು, ‘ಪುಳು’ವಿಗೆ ನೊಣದ ಮರಿ ಎಂದು ಸ್ಪಷ್ಟವಾಗಿ ಬರೆದು, ನಿಮ್ಮ ಊರಿನ ಡಾಕ್ಟರಿಗೆ ತೋರಿಸಿ ತಿದ್ದಿಸಿ ಜಗಲಿಯಲ್ಲಿ ಅಂಟಿಸಿ. ಪೋಷಕರೇ, ತೂಗದೆ, ನೋಡದೆ, ಕೇಳದೆ ಮದ್ದು ಹಾಕಬೇಡಿ.

ಆ ಹುಡುಗನ ಉಳಿದ ಎರಡು ಮರಿಗಳಿಗೆ ಡಾಕ್ಟರು ಸಲ್ಫಾ ಮದ್ದು ಕೊಟ್ಟರು. ಒಂದು ಉಳಿಯಿತು. ನಾವಿಬ್ಬರೂ ಕೂತು ಆ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿದೆವು. ಅಕ್ಷರ ಅವನದು, ಸಹಿ ಇಬ್ಬರದು. ಈಗ ಅದು ನಮ್ಮ ಶಾಲೆಯ ಜಗಲಿಯಲ್ಲಿದೆ. ಮೊದಲ ಸಾಲು ಅವನೇ ಸೂಚಿಸಿದ್ದು: ‘ಎಲ್ಲವೂ ಹುಳ ಅಲ್ಲ.’

ನಿಮ್ಮ ಶಾಲೆಯ ಜಗಲಿಯಲ್ಲಿ ಏನುಂಟು?